ಚೀಲದಲ್ಲಿ ಕಡಿಮೆಯಾದ ವಾಯರು

ಕಳೆದ ವಾರ ಠಾಣೆಯ ಮೇಜಿನ ಮೇಲೆ ಒಂದು ಕಬ್ಬಿಣದ ರಾಡು ಇತ್ತು. ಚೀಟಿ ಕಟ್ಟಿ, ಬಟ್ಟೆಯಲ್ಲಿ ಅರ್ಧ ಸುತ್ತಿದ್ದರು. ತುದಿಯ ರಕ್ತ ಕಪ್ಪಾಗಿ ಒಣಗಿತ್ತು. ಅದರಲ್ಲಿ ಮೂರು ನಾಲ್ಕು ಕೂದಲು. ಗಟಾರದ ವಿಷಯಕ್ಕೆ ಅಕ್ಕಪಕ್ಕದ ಮನೆಯವರ ಹೊಡೆದಾಟ ಎಂದು ಹವಾಲ್ದಾರರು ಹೇಳಿದರು. ಪೇಪರಿನ ಸುದ್ದಿಗಾಗಿ ಬರೆದುಕೊಂಡೆ. ತುಕ್ಕು, ರಕ್ತ ಬೆರೆತ ಆ ವಾಸನೆ ಮಾತ್ರ ನನ್ನನ್ನು ಹನ್ನೆರಡು ವರ್ಷ ಹಿಂದಕ್ಕೆ, ಎದುರು ಮನೆಯ ಕಾಕಾರ ಬಳಿಗೆ ಒಯ್ದಿತು...

ಕಾಕಾ ರೈಲ್ವೆಯಿಂದ ನಿವೃತ್ತರಾಗಿದ್ದರು. ಹುಬ್ಬಳ್ಳಿಯ ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನಳದ ನೀರು. ಯಾರಾದರೂ ನಳಕ್ಕೆ ಮೋಟಾರು ಹಚ್ಚಿ ಎಳೆದರೆ ಕೊನೆಯ ಮನೆಗೆ ಬರೀ ಗಾಳಿ ಬರುತ್ತಿತ್ತು. ಅದಕ್ಕಾಗಿ ಕೊಡ ಎಸೆದಾಡಿದ್ದರು, ಕೊರಳಪಟ್ಟಿ ಹಿಡಿದಿದ್ದರು, ಒಬ್ಬ ಹೆಂಗಸಿನ ಹಲ್ಲು ಮುರಿದಿತ್ತು. ಕೊನೆಗೆ ಕಾಕಾ ಒಂದು ಕಟ್ಟಳೆ ಮಾಡಿದರು. ನೀರಿನ ದಿನ ಪ್ರತಿ ಮನೆಯವರೂ ತಮ್ಮ ಮೋಟಾರಿನ ವಾಯರು ಬಿಚ್ಚಿ ತಂದು ಅವರ ಬಾಗಿಲಿನ ಗೋಣಿಚೀಲದಲ್ಲಿ ಹಾಕಬೇಕು. ನೀರು ನಿಂತ ಮೇಲೆ ಒಯ್ಯಬೇಕು. ಮೂರು ವರ್ಷ ಓಣಿಯಲ್ಲಿ ಯಾರೂ ಕೈ ಎತ್ತಲಿಲ್ಲ.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಹಿಂದಿನ ದಿನ ನೀರು ಬಂತು, ಸಣ್ಣಗೆ. ಮನೆ ತುಂಬ ನೆಂಟರು. ಕಾಕಾರ ಬಳಿ ಹೋಗಿ ನನ್ನ ವಾಯರು ಕೇಳಿದೆ. ಅವರು ಚೀಲದಲ್ಲಿ ಕೈಯಾಡಿಸಿ ಅದನ್ನು ತೆಗೆದರು.

"ಹತ್ತ ನಿಮಿಷ ಅಷ್ಟ. ಕೂಸಿನ ಸಲುವಾಗಿ ಕೊಡಾಕತ್ತೇನಿ, ನಿನ್ನ ಸಲುವಾಗಿ ಅಲ್ಲ."

ನಾನು ಅರ್ಧ ಗಂಟೆ ಓಡಿಸಿದೆ.

ಕೊನೆಯ ಮನೆಯವನು ವೆಲ್ಡಿಂಗ್ ಕೆಲಸದವನು. ನಳ ಒಣಗಿದ್ದು ಕಂಡು ರಾಡು ಹಿಡಿದು ಬಂದ, ಚೀಲ ಸುರುವಿದ. ಒಂದು ವಾಯರು ಕಡಿಮೆ ಇತ್ತು. ನನ್ನ ಪಕ್ಕದ ಮನೆಯ ಟೇಲರನ ಮೇಲೆ ಅವನಿಗೆ ಹಳೆಯ ಸಿಟ್ಟು. ವಿಚಾರಿಸದೆ ಟೇಲರನ ಬಾಗಿಲಿಗೆ ಹೋದ.

"ನೀರ ಕದೀತಿಯೇನಲೇ? ಬಾ ಹೊರಗ, ಇವತ್ತ ನಿನ್ನ ನಾ ಹೊಲಿತೇನಿ."

ಕೂದಲು ಹಿಡಿದು ಎಳೆದು ತಂದು ಟೇಲರನ ಮುಖವನ್ನು ಕಟ್ಟೆಗೆ ಜಜ್ಜಿದ. ಮತ್ತೊಮ್ಮೆ ಜಜ್ಜಿದ. ಮೂಗಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಟೇಲರ ತೆವಳುತ್ತ ಒಳಗೆ ಹೋಗಿ ಕತ್ತರಿ ತಂದ. ವೆಲ್ಡರ್ ರಾಡು ಎತ್ತಿದ. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ವಾಯರು ನನ್ನ ಬೆನ್ನ ಹಿಂದೆ, ಕೈಯಲ್ಲೇ ಇತ್ತು. ಬಾಯಿ ತೆರೆಯಲಿಲ್ಲ.

"ಅವಾ ಅಲ್ಲೋ... ಅವಾ ಅಲ್ಲ" ಎನ್ನುತ್ತ ಕಾಕಾ ನಡುವೆ ಬಂದರು. ಮೊದಲ ಏಟಿಗೆ ಅವರ ಬಲಗೈ ಮುರಿಯಿತು. ಎರಡನೆಯದು ತಲೆಗೆ ಬಿತ್ತು. ಖಾಲಿ ಕೊಡಗಳ ಮೇಲೆ ಬಿದ್ದರು. ಬಿಳಿ ಅಂಗಿ ಕೊರಳಿನಿಂದ ಕೆಳಗೆ ಕೆಂಪಾಗುತ್ತ ಹೋಯಿತು. ಹಾಗಾದರೆ ಯಾರು ಎಂಬುದನ್ನು ಅವರು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸರಿಗೆ ಮೆಟ್ಟಿಲಿನಿಂದ ಬಿದ್ದೆನೆಂದರು. ಟೇಲರನಿಗೂ ದೂರು ಕೊಡಬೇಡವೆಂದರು. ಸುದ್ದಿ ನಾನೂ ಬರೆಯಲಿಲ್ಲ. ಅವರ ಕೈ ಮತ್ತೆ ಮಡಚಲು ಬರಲಿಲ್ಲ. ಚೀಲಕ್ಕೆ ಮತ್ತೆ ಯಾರೂ ವಾಯರು ಹಾಕಲಿಲ್ಲ. ಮುಂದಿನ ನೀರಿನ ದಿನ ಎಲ್ಲ ಮನೆಗಳಲ್ಲೂ ಮೋಟಾರುಗಳು ಓಡಿದವು.

ಕಳೆದ ವಾರ ಆ ರಾಡು ನೋಡಿ ಠಾಣೆಯಿಂದ ಬಂದವನು ನೇರ ಕೊನೆಯ ಮನೆಗೆ ಹೋದೆ. ಅವತ್ತಿನ ವಾಯರು ನನ್ನದೆಂದು ವೆಲ್ಡರ್‌ಗೆ ಹೇಳಿದೆ. ಅವನು ಕೂತಲ್ಲಿಂದ ಏಳಲಿಲ್ಲ.

"ಗೊತ್ತೈತ್ರಿ. ಕಾಕಾ ದವಾಖಾನ್ಯಾಗನ ಹೇಳಿದ್ರು. ಟೇಲರ್‌ಗೂ ಗೊತ್ತಿತ್ತು. ಪೇಪರಿನವಾ ತಾನಾಗಿ ಬಂದು ಹೇಳತಾನ, ಅಲ್ಲೀಮಟ ಯಾರೂ ಕೇಳಬ್ಯಾಡ್ರಿ ಅಂದಿದ್ರು."

ಕಾಕಾ ಆ ಏಟಿನ ನಂತರ ನಾಲ್ಕು ವರ್ಷ ಬದುಕಿದ್ದರು. ದಿನಾ ಬೆಳಿಗ್ಗೆ ಪೇಪರು ಕೇಳಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಎಡಗೈಯಿಂದ ಹಾಳೆ ತಿರುವುತ್ತ ಓದುತ್ತಿದ್ದರು. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದರು, ನನ್ನ ಮುಖ ನೋಡುತ್ತ... ನಾನು ಚಹಾ ತರಿಸುತ್ತಿದ್ದೆ, ಚುನಾವಣೆಯ ಮಾತಾಡುತ್ತಿದ್ದೆ. ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಮರುದಿನ ಮತ್ತೆ ಬರುತ್ತಿದ್ದರು.