ಕಂಟ್ರಾಕ್ಟರನ ಗೋಡೆಯ ಮೇಲೆ ಕೆರೆಮಣ್ಣು

ಮಣ್ಣು ತೂರಿ ಶಾಪ ಹಾಕುವುದೆಂದರೆ ಕೈಲಾಗದವರ ಸಮಾಧಾನ ಎಂದೇ ನಾನು ತಿಳಿದಿದ್ದೆ. ಎಂ.ಎ. ಓದುವಾಗ ಹಾಗೆಂದು ಪ್ರಬಂಧವನ್ನೂ ಬರೆದಿದ್ದೆ. ಈಗ ನಂಬುತ್ತೇನೆಯೇ ಎಂದು ಕೇಳಿದರೆ ಉತ್ತರ ಗೊತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ. ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೂ ನಂಬುವುದಿಲ್ಲ.

ಗೌರಿ ನನ್ನ ಅಕ್ಕನ ಮಗಳು. ಆಗ ಅವಳಿಗೆ ನಾಲ್ಕು ವರ್ಷ. ಮದಲೂರಿನಾಚೆಗಿರುವ ನಮ್ಮೂರಿನ ಕೆರೆ ಒಣಗಿದಾಗ ರೈತರು ಮೇಲುಮೇಲಿನ ಗೋಡುಮಣ್ಣು ಕೆರೆದು ಹೊಲಕ್ಕೆ ಹೊಡೆಯುವುದು ರೂಢಿ. ಆ ವರ್ಷ ಶಿರಾದ ಒಬ್ಬ ಕಂಟ್ರಾಕ್ಟರ್ ಅದೇ ನೆಪದಲ್ಲಿ ಜೆಸಿಬಿ ಇಳಿಸಿ, ಆಳಕ್ಕೆ ತೋಡಿ, ಇಟ್ಟಿಗೆ ಗೂಡುಗಳಿಗೆ ಮಣ್ಣು ಸಾಗಿಸಿದ. ಮಳೆಯ ನೀರು ನಿಂತ ಮೇಲೆ ಗುಂಡಿ ಯಾವುದು, ಕೆರೆಯಂಗಳ ಯಾವುದು ತಿಳಿಯುವಂತಿರಲಿಲ್ಲ. ಮೇಕೆಮರಿಯ ಹಿಂದೆ ಓಡಿದ ಗೌರಿ ಅಲ್ಲಿ ಮುಳುಗಿ ಸತ್ತಳು.

ಭಾವನೂ ನಾನೂ ಕೇಳಲು ಹೋದಾಗ ಕಂಟ್ರಾಕ್ಟರ್ ಕುರ್ಚಿಯಿಂದ ಏಳಲಿಲ್ಲ. "ಗುಂಡಿ ಎಲ್ಲಾ ಕೆರೇಲೂ ಇರ್ತವೆ ಕಣಪ್ಪ. ಮಗೀನ ನೋಡ್ಕಳೋದು ಹೆತ್ತೋರ ಕೆಲ್ಸ" ಎಂದ. ಭಾವ ತಲೆ ತಗ್ಗಿಸಿ ಹೊರಬಂದರು. ನನಗೆ ಅವನ ಕತ್ತು ಹಿಸುಕಬೇಕೆನಿಸಿತು. ಆಮೇಲೆ ಕೊಟ್ಟ ದೂರೂ ನಿಲ್ಲಲಿಲ್ಲ.

"ಇಂಗ್ಲೀಸ್ನಾಗೆ ಅರ್ಜಿ ಬರ್ದೆಯಲ್ಲ, ಏನು ಕಿತ್ತಂಗಾಯ್ತು?" ಎಂದಳು ಅವ್ವ. "ಆ ಗುಂಡಿ ಮಣ್ಣೇ ತಗಂಡೋಗಿ ಅವನ ಬಾಗ್ಲಿಗೆ ತೂರ್ಬೇಕು. ಹೆತ್ತೋಳು ತೂರ್ಬೇಕಾಗಿತ್ತು, ಅವಳು ಮ್ಯಾಕೇ ಏಳಲ್ಲ. ಸೋದರಮಾವ ನೀನೇ ಹೋಗ್ಲಾ."

ಒಂದು ಮಧ್ಯಾಹ್ನ ಗುಂಡಿಯ ದಡದ ಮಣ್ಣನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬೈಕಿನಲ್ಲಿ ಶಿರಾಕ್ಕೆ ಹೋದೆ. ದಾರಿಯಲ್ಲಿ ಯಾರೊಡನೆಯೂ ಮಾತಾಡಬಾರದೆಂದು ಅವ್ವ ಹೇಳಿದ್ದಳು, ಆಡಲಿಲ್ಲ. ಅವನ ಹೊಸ ಮನೆಯ ಬಾಗಿಲಿಗೆ ಬೀಸಿ ತೂರಿದೆ. ಶಾಪದ ಮಾತು ಬಾರದೆ, "ಗೌರಿ, ಇವನನ್ನ ಬಿಡಬೇಡ" ಎಂದೆ. ಒಣಮಣ್ಣು ಮರದ ಬಾಗಿಲಿಗೆ ಬಡಿದು ಉದುರಿತು. ಅಷ್ಟೇ.

ಕೆಲವು ವಾರಗಳ ಮೇಲೆ ಆ ಬೀದಿಯಲ್ಲಿ ಹೋಗುವಾಗ ಬಾಗಿಲ ಪಕ್ಕದ ಬಿಳಿ ಗೋಡೆಯ ಮೇಲೆ, ಮಂಡಿಯೆತ್ತರದಲ್ಲಿ, ಕೆರೆಮಣ್ಣಿನ ಬಣ್ಣದ ಎರಡು ಗೀರು ಕಂಡವು. ಪುಟ್ಟ ಅಂಗೈಗಳೆರಡನ್ನೂ ಒತ್ತಿ ಕೆಳಗೆಳೆದ ಹಾಗೆ. ಎದುರಿಗೆ ಪೇಂಟರ್ ಸಾಬರೊಬ್ಬರು ಬ್ರಷ್ ಹಿಡಿದು ಕುಳಿತಿದ್ದರು.

"ಏನ್ ಭಾಯ್ ಇದು?"

"ಕೇಳ್ಬೇಡಿ ಸಾರ್. ಉಜ್ಜಿ, ಪುಟ್ಟಿ ಹಾಕಿ, ಮೇಲೆ ಕೋಟ್ ಹೊಡೀತೀನಿ. ಬೆಳಗಾದ್ರೆ ಮತ್ತೆ ಹಾಜರ್. ಓನರು ನನ್ ಪೇಂಟೇ ಕಲಬೆರಕೆ ಅಂತಾರೆ. ಅವರ ಸಿಮೆಂಟು ಕಲಬೆರಕೆ ಅಂದ್ರೆ ಕೂಲಿ ಸಿಗಲ್ಲ, ಸುಮ್ಕಿದೀನಿ."

ಗೌರಿ ಮಣ್ಣಾಟ ಆಡಿ ಬಂದು ನಮ್ಮ ಬಾಗಿಲ ಪಕ್ಕದ ಗೋಡೆಗೆ ಹೀಗೇ ಕೈ ಒರೆಸುತ್ತಿದ್ದಳು. ಇದು ನನಗೆ ಮೊದಲೇ ನೆನಪಿತ್ತೋ, ಗೀರು ನೋಡಿದ ಮೇಲೆ ಹುಟ್ಟಿದ ನೆನಪೋ ಹೇಳಲಾರೆ. ಆದರೆ ಆ ಕ್ಷಣ ಆದ ಸಂತೋಷ ಮಾತ್ರ ಸುಳ್ಳಲ್ಲ. ಮತ್ತೆ ಮತ್ತೆ ಹೋದೆ. ಒಂದು ದಿನ ಕಂಟ್ರಾಕ್ಟರನೇ ಕುಕ್ಕರಗಾಲಲ್ಲಿ ಕುಳಿತು ಒದ್ದೆ ಬಟ್ಟೆಯಿಂದ ಗೋಡೆ ಉಜ್ಜುತ್ತಿದ್ದ. ನನ್ನನ್ನು ನೋಡಿದ. ಹೆತ್ತೋರ ಕೆಲಸದ ಮಾತು ಅವನ ಬಾಯಿಂದ ಬರಲಿಲ್ಲ. ಅವನ ಬಗ್ಗಿದ ಬೆನ್ನನ್ನು ಕಣ್ತುಂಬ ನೋಡಿ ಬಂದೆ.

ಅಕ್ಕನಿಗೂ ಸಮಾಧಾನವಾಗಲೆಂದು ಎಲ್ಲ ಹೇಳಿದೆ. ಮೊದಲು ಕೈ ಒರೆಸುವ ಅಭ್ಯಾಸದ ಬಗ್ಗೆ ಅವಳನ್ನೇ ಕೇಳಬೇಕಿತ್ತು. ನಾನು ಹೇಳಿಬಿಟ್ಟ ಮೇಲೆ ಅವಳ ಸಾಕ್ಷಿಗೆ ಬೆಲೆಯಿಲ್ಲ. ಅವಳು ಎದ್ದು ಕುಳಿತಳು.

"ಅಂಗಾರೆ ನನ್ ಮಗಳು ಅವನ ಬಾಗ್ಲಾಗೆ ನಿಂತವಳಾ? ಆ ಬಿಸ್ಲಾಗೆ?"

ಅಕ್ಕ ನನ್ನ ತೋಳು ಹಿಡಿದಳು.

"ನೀನೇ ನಿಲ್ಸಿ ಬಂದಿದೀಯ ಕಣ್ಲಾ. ಹೋಗು, ಕರ್ಕಂಡು ಬಾ."

ಕೆರೆಮಣ್ಣಿನ ಕಲೆ ಸುಣ್ಣಬಣ್ಣ ದಾಟಿ ಎದ್ದು ಬರಬಹುದು. ಆದರೆ ನಾನು ತೂರಿದ್ದು ಬಾಗಿಲಿಗೆ, ಗೋಡೆಗಲ್ಲ. ವರ್ಷಗಳಾದವು, ಗೀರು ಇನ್ನೂ ಇವೆ. ಗೇಟಿನೆದುರು ನಿಂತು "ಬಾರವ್ವ, ಮನೆಗೆ ಹೋಗನ" ಅಂದರೆ ಸಾಕು. ಅನ್ನಬೇಕೆಂದೇ ಹೋಗುತ್ತೇನೆ. ಅಷ್ಟರಲ್ಲಿ ಕಂಟ್ರಾಕ್ಟರ್ ಕಾಣುತ್ತಾನೆ, ಇಲ್ಲವೇ ಅವನ ಕಾರು ಕಾಣುತ್ತದೆ. ಇನ್ನೊಂದಿಷ್ಟು ದಿನ ಉಜ್ಜಲಿ ಅನಿಸುತ್ತದೆ.

ಶಿರಾದಿಂದ ಬಂದಾಗಲೆಲ್ಲ ಅಕ್ಕ ಹೊಸಿಲಿಗೆ ಬರುತ್ತಾಳೆ. ನನ್ನ ಮುಖ ನೋಡುವುದಿಲ್ಲ, ಬೈಕಿನ ಹಿಂದಿನ ಸೀಟು ನೋಡುತ್ತಾಳೆ.