ಹೊತ್ತದ್ದು ಹೆಚ್ಚು, ಹೊಡೆದದ್ದು ಕಡಿಮೆ

ನಾನು ಒಮ್ಮೆ ಪಿಸ್ತೂಲು ಕೊಳ್ಳಲು ಹೊರಟಿದ್ದೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಂಬದಿರಲು ಅವರಿಗೆ ಕಾರಣಗಳೂ ಇವೆ. ಈವರೆಗೆ ನಾನು ಗುರಿಯಿಟ್ಟು ಹೊಡೆದಿರುವ ಜೀವಿ ಎಂದರೆ ಸೊಳ್ಳೆ. ಅದರಲ್ಲೂ ತಪ್ಪಿಸಿಕೊಂಡವೇ ಹೆಚ್ಚು. ಚಿಕ್ಕಂದಿನಲ್ಲಿ ದೀಪಾವಳಿಗೆ ಆಟದ ಪಿಸ್ತೂಲಿಗೆ ಕೇಪು ಹಾಕಿ ಹೊಡೆಯುವಾಗಲೂ ಮುಖ ಅತ್ತ ತಿರುಗಿಸಿ, ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡು, ಇನ್ನೊಂದನ್ನು ಮುಚ್ಚಲು ತಂಗಿಗೆ ಹೇಳುತ್ತಿದ್ದೆ. ಇಂಥ ನಾನು ಎಂಬತ್ತರ ದಶಕದ ನಡುಭಾಗದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫಾಸ್ಟರ್ ಸಿಟಿಯಲ್ಲಿ, ಲಗೂನು ಎಂಬ ಹಿನ್ನೀರಿನ ದಂಡೆಯಲ್ಲಿ ಬಾತುಕೋಳಿಗಳನ್ನು ನೋಡಿಕೊಂಡು ಸುಖವಾಗಿದ್ದವನು, ಪೊಲೀಸರು ಬಳಸಿ ಬಿಟ್ಟ ಒಂದು ಸಣ್ಣ ಪಿಸ್ತೂಲನ್ನು ಮನೆಗೆ ತರುವುದೋ ಬೇಡವೋ ಎಂದು ಎರಡು ವಾರ ತಲೆ ಕೆಡಿಸಿಕೊಂಡೆ.

ಇದಕ್ಕೆಲ್ಲ ಮೂಲ ಒಬ್ಬ ಕಳ್ಳ. ನಾವು ಯಾರೂ ಇಲ್ಲದ ಒಂದು ಮಧ್ಯಾಹ್ನ ಹಿಂಬದಿಯ ಜಾರುವ ಗಾಜಿನ ಬಾಗಿಲನ್ನು ಹಳಿಯಿಂದ ಎತ್ತಿ ಪಕ್ಕಕ್ಕಿಟ್ಟು ಒಳಗೆ ಬಂದಿದ್ದ. ಟೀವಿ ಹೋಯಿತು, ವಿಸಿಆರ್ ಹೋಯಿತು, ಕ್ಯಾಮೆರಾ ಹೋಯಿತು. ಅಡುಗೆಮನೆಯ ಕಪಾಟಿನಲ್ಲಿದ್ದ ದೇವರನ್ನು ಮಾತ್ರ ಮುಟ್ಟಿರಲಿಲ್ಲ. ಆದರೆ ಕಪಾಟಿನ ಮುಂದೆ ನೆಲದ ಮೇಲೆ ಅವನ ಬೂಟಿನ ಗುರುತು ಬಿದ್ದಿತ್ತು. ಪೊಲೀಸಿನವರು ಬಂದರು, ಬಹಳ ಮರ್ಯಾದೆಯಿಂದ ಎಲ್ಲವನ್ನೂ ಬರೆದುಕೊಂಡರು, ದೂರಿನ ನಂಬರು ಕೊಟ್ಟು ಹೋದರು. ಹೋದ ಸಾಮಾನಿನ ಬಗ್ಗೆ ನನ್ನ ಹೆಂಡತಿ ವಿಮಲ ಒಂದು ಮಾತೂ ಆಡಲಿಲ್ಲ. ಆ ಬೂಟಿನ ಗುರುತನ್ನು ಮಾತ್ರ ನಾಲ್ಕು ಸಲ ಒರೆಸಿದಳು.

ಆಮೇಲೆ ಅವಳು ಒಬ್ಬಳೇ ಮನೆಯೊಳಗೆ ಕಾಲಿಡುವುದನ್ನು ಬಿಟ್ಟಳು. ಅವಳು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಡೇಕೇರಿನಿಂದ ಮಗಳನ್ನು ಕರೆದುಕೊಂಡು ಐದು ಗಂಟೆಗೆಲ್ಲ ಬಂದುಬಿಡುತ್ತಿದ್ದಳು. ನಾನು ಆಫೀಸಿನಿಂದ ಬರುವುದು ಆರೂವರೆಗೆ. ಆ ಒಂದೂವರೆ ಗಂಟೆ ತಾಯಿ ಮಗಳು ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೇ ಕಿಟಕಿ ಏರಿಸಿಕೊಂಡು ಕೂತಿರುತ್ತಿದ್ದರು. ನಾನು ಬಂದು ಬಾಗಿಲು ತೆಗೆದು, ಒಳಗೆಲ್ಲ ನೋಡಿ, ಕೈ ಬೀಸಿದ ಮೇಲೆ ಇಳಿಯುತ್ತಿದ್ದರು. ಆರು ವರ್ಷದ ಮಗಳು ಹಿಂದಿನ ಸೀಟಿನಲ್ಲಿ ಬಣ್ಣ ಹಚ್ಚುತ್ತಾ ಒಂದು ದಿನ ಕೇಳಿದಳಂತೆ, "ಅಮ್ಮ, ಆರ್ ವಿ ವೇಟಿಂಗ್ ಫಾರ್ ಅಪ್ಪ ಆರ್ ಫಾರ್ ದ ಥೀಫ್?" ವಿಮಲ ಇದನ್ನು ನಗುತ್ತಾ ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದಳು. ಸಂಬಳ, ಗ್ರೀನ್ ಕಾರ್ಡು, ಲಗೂನು ಎಲ್ಲ ಇದ್ದೂ ಹೆಂಡತಿ ತನ್ನ ಮನೆಯ ಮುಂದೆ ಕಾರಿನಲ್ಲಿ ಕೂತಿರಬೇಕಾದರೆ ಇದೆಂಥ ಸಂಸಾರ ಎಂದು ನನಗೆ ನಾಚಿಕೆಯಾಯಿತು.

ಈ ಕಷ್ಟವನ್ನು ದೇಶಪಾಂಡೆಯವರ ಹತ್ತಿರ ಹೇಳಿಕೊಂಡೆ. ಅವರು ನನ್ನ ಸಹೋದ್ಯೋಗಿ, ಹುಬ್ಬಳ್ಳಿಯವರು, ದೂರದ ಮಾರ್ಗನ್ ಹಿಲ್‌ನಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು ಹಣ್ಣಿನ ಗಿಡ ಹಾಕಿದ್ದರು. ಅಳಿಲು ಓಡಿಸಲೆಂದು ಒಂದು ಬಂದೂಕನ್ನೂ ಇಟ್ಟಿದ್ದರು. ಅಳಿಲುಗಳು ಅದಕ್ಕೆ ಹೊಂದಿಕೊಂಡು ಸಂಸಾರ ಬೆಳೆಸಿದ್ದವು ಎಂಬುದು ಬೇರೆ ಮಾತು. ಅವರು ಕೇಳಿದ ಕೂಡಲೇ ಪರಿಹಾರ ಹೇಳಿಬಿಟ್ಟರು. "ಗಂಡಸಾಗಿ ಹೀಂಗ ಕೈಕಟ್ಟಿ ಕೂತ್ರ ಹ್ಯಾಂಗ್ರೀ? ಒಂದು ಸಣ್ಣದು ತಗೋರಿ. ಹೊಡಿಯೂದೇನೂ ಬ್ಯಾಡ, ಮನ್ಯಾಗ ಅದ ಅಂದ್ರ ಸಾಕು, ಧೈರ್ಯ ಬರ್ತದ." ಯುರೋಪಿನ ಯಾವುದೋ ದೇಶದ ಪೊಲೀಸರು ದೊಡ್ಡ ಪಿಸ್ತೂಲಿಗೆ ಬದಲಾಯಿಸಿಕೊಂಡಿದ್ದರಿಂದ ಅವರ ಹಳೆಯ ಸಣ್ಣ ಪಿಸ್ತೂಲುಗಳು ರಾಶಿ ರಾಶಿಯಾಗಿ ಇಲ್ಲಿಗೆ ಬಂದಿವೆ, ಗುಂಡೂ ಸಣ್ಣದು, ಸದ್ದೂ ಸಣ್ಣದು, ನಿಮ್ಮಂಥ ಪುಳಿಚಾರಿನವರಿಗೆ ಹೇಳಿ ಮಾಡಿಸಿದ್ದು ಎಂದು ಅಂಗಡಿಯ ದಾರಿಯನ್ನೂ ಹೇಳಿದರು.

ಪುಳಿಚಾರಿನವನಾದ ನಾನು ಮೊದಲು ಮಾಡಿದ ಕೆಲಸ ಪದಗಳ ಬಗ್ಗೆ ಯೋಚಿಸಿದ್ದು. ಅಂಜುಬುರುಕರಿಗೆ ವಸ್ತುವಿಗಿಂತ ಮೊದಲು ಪದವೇ ಸಿಗುತ್ತದೆ. ಬಂದೂಕು, ತುಪಾಕಿ, ಪಿಸ್ತೂಲು, ಒಂದೂ ನಮ್ಮದಲ್ಲ. ಎಲ್ಲ ಎಲ್ಲಿಂದಲೋ ಕುದುರೆ ಹತ್ತಿ, ಹಡಗು ಹತ್ತಿ ಬಂದವು. ನಮ್ಮದೆನ್ನಬಹುದಾದದ್ದು ಕೋವಿ, ಅದಕ್ಕಾದರೂ ಬರೀ ಕೊಳವೆ ಎಂದು ಅರ್ಥ. ಒಲೆ ಊದುವ ಕೊಳವೆಯ ನೆಂಟ. ನಮ್ಮ ಚಾಮುಂಡಿಗೆ ಹದಿನೆಂಟು ಕೈ, ಕೈಗೊಂದೊಂದು ಹಿಡಿದಿದ್ದಾಳೆ. ಅವುಗಳಲ್ಲಿ ಕೋವಿ ಇಲ್ಲ. ಇನ್ನು ಮೈಸೂರಿನಲ್ಲಿ ನಾನು ಕಣ್ಣಾರೆ ಕಂಡ ಒಂದೇ ಬಂದೂಕು ಬ್ಯಾಂಕಿನ ಕಾವಲುಗಾರನದು. ಅವನು ಅದಕ್ಕೆ ಗಲ್ಲ ಊರಿ ಮಲಗುತ್ತಿದ್ದ.

ಎರಡನೆಯ ಯೋಚನೆ ಎಲ್ಲಿಡುವುದು ಎಂಬುದು. ಮಗಳ ಕೈಗೆ ಸಿಗದ ಹಾಗೆ ಇಡಬೇಕು, ಅಂದರೆ ಬೀಗ ಹಾಕಬೇಕು. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೇರೆ ಬೀಗದಲ್ಲಿಡಬೇಕು. ಎರಡು ಬೀಗದ ಕೈಗಳನ್ನೂ ನಾನು ಎಲ್ಲಿಟ್ಟಿದ್ದೇನೆಂದು ವಿಮಲಳನ್ನು ಕೇಳಬೇಕು. ಅಷ್ಟರವರೆಗೆ ಕಳ್ಳನಿಗೆ ಕಾಫಿ ಕೊಟ್ಟು ಕೂರಿಸಬೇಕು. ಬೀಗವೇ ಬೇಡ, ಅಕ್ಕಿ ಡಬ್ಬದ ಹಿಂದಿಟ್ಟರಾಯಿತು ಎಂದರೆ, ಮಗಳು ಬಿಸ್ಕತ್ತು ಹುಡುಕುತ್ತಾ ಮೊದಲು ಕೈ ಹಾಕುವುದು ಅಲ್ಲಿಗೇ. ಈ ಲೆಕ್ಕ ಎಷ್ಟು ಮಾಡಿದರೂ ಸರಿಹೋಗಲಿಲ್ಲ. ಆದರೂ ಮರುದಿನ ಸಂಜೆ ಕಾರಿನ ಗಾಜಿನೊಳಗೆ ಆ ಎರಡು ಮುಖ ಕಂಡಾಗ ಲೆಕ್ಕವೆಲ್ಲ ಮರೆತುಹೋಯಿತು, ಆ ಶನಿವಾರವೇ ಅಂಗಡಿಗೆ ಹೋದೆ.

ಆ ಅಂಗಡಿಯನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಕಡೆ ಮೀನು ಹಿಡಿಯುವ ಗಾಳ, ಇನ್ನೊಂದು ಕಡೆ ಟೆಂಟು, ಮಕ್ಕಳ ಈಜುಡುಗೆ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ, ಹಸಿರು ಬಟ್ಟೆಯ ಮೇಲೆ, ಬೆಳ್ಳಿ ಅಂಗಡಿಯಲ್ಲಿ ಕುಂಕುಮದ ಬಟ್ಟಲು ಜೋಡಿಸಿಟ್ಟ ಹಾಗೆ ಪಿಸ್ತೂಲುಗಳು. ಒಬ್ಬ ತಾಯಿ ಮಗುವಿಗೆ ಐಸ್‌ಕ್ರೀಮು ಕೊಡಿಸಿಕೊಂಡು ಅದರ ಪಕ್ಕದಲ್ಲೇ ಹಾದುಹೋದಳು, ಅತ್ತ ತಿರುಗಿಯೂ ನೋಡಲಿಲ್ಲ. ಮನುಷ್ಯನ ಪ್ರಾಣ ತೆಗೆಯುವ ವಸ್ತು ಇಷ್ಟು ಹಗುರವಾಗಿ, ಇಷ್ಟು ಬೆಳಕಿನಲ್ಲಿ, ಬೆಲೆಯ ಚೀಟಿ ಕಟ್ಟಿಕೊಂಡು ಕೂತಿರಬಹುದೆಂದು ನನಗೆ ಗೊತ್ತಿರಲಿಲ್ಲ. ಭಯವೆಂದರೆ ಭಯವಲ್ಲ, ಭಕ್ತಿಯೆಂದರೆ ಭಕ್ತಿಯಲ್ಲ, ಮೈ ಜುಮ್ಮೆಂದಿತು.

ಅಂಗಡಿಯವನು ಬಿಳಿ ಮೀಸೆಯ ಮುದುಕ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ, ಲೈಬ್ರರಿಯಲ್ಲಿ ಇರಬೇಕಾದವನು. ಕಾನೂನಿನಂತೆ ಅರ್ಜಿ ಹಾಕಿ ಹದಿನೈದು ದಿನ ಕಾಯಬೇಕು, ಆಮೇಲಷ್ಟೇ ಪಿಸ್ತೂಲು ಕೈಗೆ ಕೊಡುವುದು ಎಂದು ಮೊದಲೇ ತಿಳಿಸಿದ. ಕೋಪದಲ್ಲಿ ಬಂದವನು ಅಷ್ಟರಲ್ಲಿ ತಣ್ಣಗಾಗಲಿ ಎಂದು. ಅಂದರೆ ಕೋಪಕ್ಕೆ ಒಂದು ಪಕ್ಷದ ಆಯುಸ್ಸು ಎಂದು ಸರ್ಕಾರ ಗೊತ್ತುಮಾಡಿದೆ. ನಮ್ಮ ಕಡೆಯ ದಾಯಾದಿಗಳನ್ನು ನೋಡಿದ್ದರೆ ಮೂರು ತಲೆಮಾರು ಎಂದು ಬರೆಯುತ್ತಿದ್ದರು.

ಆಮೇಲೆ ಅವನು ಒಂದು ಸಣ್ಣ ಪಿಸ್ತೂಲನ್ನು ಹೊರತೆಗೆದು, ಗುಂಡಿನ ಗೂಡನ್ನು ಕಳಚಿಟ್ಟು, ಮೇಲ್ಭಾಗವನ್ನು ಹಿಂದಕ್ಕೆಳೆದು, ಒಳಗೆ ಕಿರುಬೆರಳು ಹಾಕಿ ಖಾಲಿಯಿದೆ ಎಂದು ತೋರಿಸಿದ. ತೋರಿಸಿ, ಆದರೂ ಇದು ತುಂಬಿದೆ ಎಂದೇ ತಿಳಿದು ನಡೆದುಕೊಳ್ಳಬೇಕು, ಕೊಲ್ಲಲು ಇಷ್ಟವಿಲ್ಲದ ಯಾವುದರ ಕಡೆಗೂ ಇದರ ಬಾಯಿ ತಿರುಗಿಸಬಾರದು ಎಂದ. ಇಲ್ಲವೆಂದು ಬೆರಳಿಟ್ಟು ನೋಡಿದ ಮೇಲೂ ಇದೆ ಎಂದು ನಂಬಿ ನಡೆಯುವುದು! ನಮ್ಮಲ್ಲಿ ದೇವರೊಬ್ಬನಿಗೆ ಮಾತ್ರ ಈ ಮರ್ಯಾದೆ.

ಮುದುಕ ಅದರ ಮೈಯನ್ನು ಬೆಳಕಿಗೆ ಹಿಡಿದು ತೋರಿಸಿದ. ಹೊರಗೆಲ್ಲ ಸವೆದಿತ್ತು. ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಮೂತಿಯ ಕಪ್ಪು ಬಣ್ಣ ಹೋಗಿ ಬಿಳಿಯ ಉಕ್ಕು ಕಾಣುತ್ತಿತ್ತು; ಹಿಡಿಯ ಮೇಲಿನ ಗೀರುಗಳು ಯಾರದೋ ಅಂಗೈಗೆ ನುಣುಪಾಗಿದ್ದವು. ಒಳಗೆ ಮಾತ್ರ ಹೊಸದು, ನೆನ್ನೆ ಮಾಡಿದಂತಿತ್ತು. ಪೊಲೀಸರ ಪಿಸ್ತೂಲೆಲ್ಲ ಹೀಗೆಯೇ ಎಂದ. ಅವನು ಇಂಗ್ಲಿಷಿನಲ್ಲಿ ಹೇಳಿದ ಮಾತು ನನ್ನ ತಲೆಯೊಳಗೆ ತಾನೇ ಕನ್ನಡವಾಗಿ ಇಳಿಯಿತು: ಹೊತ್ತದ್ದು ಹೆಚ್ಚು, ಹೊಡೆದದ್ದು ಕಡಿಮೆ. ಯಾರೋ ಒಬ್ಬ ಪೊಲೀಸಪ್ಪ, ನನಗೆ ಹೆಸರು ಗೊತ್ತಿಲ್ಲದ ಊರಿನ ಚಳಿಯ ಬೀದಿಗಳಲ್ಲಿ, ಇದನ್ನು ಸೊಂಟದಲ್ಲಿ ಹೊತ್ತು ವರ್ಷಾನುಗಟ್ಟಲೆ ನಡೆದಿದ್ದಾನೆ. ದಿನವೂ ಅವನಿಗೆ ಹೊಡೆಯುವ ಅಧಿಕಾರವಿತ್ತು. ಹೊಡೆಯದೆ ಮನೆಗೆ ಹೋಗಿದ್ದಾನೆ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಮುಂದಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈ ಮಾಡಿತು ಎನ್ನಬೇಕು. ಪುಸ್ತಕಕ್ಕೆ ಕಾಲು ತಾಗಿದರೆ, ಹಾರ್ಮೋನಿಯಂ ಮುಟ್ಟುವ ಮೊದಲು, ಹೊಸ ಕಾರಿನ ಕೀಲಿ ಕೈಗೆ ಬಂದಾಗ, ಆಯುಧಪೂಜೆಯ ದಿನ ಆಫೀಸಿನಲ್ಲಿ ಯಾರೂ ಇಲ್ಲದಾಗ ತಂತಿ ಬೆಸೆಯುವ ಸಾಲ್ಡರಿಂಗ್ ಕಡ್ಡಿಯನ್ನೂ ಬಿಡದೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಪಿಸ್ತೂಲನ್ನು ಕಣ್ಣಿಗೊತ್ತಿಕೊಂಡೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು.

ಎಡಗಣ್ಣಿನಿಂದ ಇಳಿಸುವಷ್ಟರಲ್ಲಿ ಮುದುಕನ ಕೈ ನನ್ನ ಮಣಿಕಟ್ಟನ್ನು ಹಿಡಿದು ನೆಲದ ಕಡೆಗೆ ಒತ್ತಿತ್ತು. ಅವನ ಮುಖ ಸುಣ್ಣದಂತಾಗಿತ್ತು. ಪಿಸ್ತೂಲನ್ನು ಮೆಲ್ಲಗೆ ಬಿಡಿಸಿಕೊಂಡು, ಬಹಳ ತಗ್ಗಿದ ದನಿಯಲ್ಲಿ ಕೇಳಿದ: "ಸರ್, ನಿಮ್ಮ ಮನೆಯಲ್ಲಿ ಎಲ್ಲ ಸರಿಯಾಗಿದೆಯಾ?"

ಅವನು ಏನೆಂದುಕೊಂಡನೆಂದು ಹೊಳೆದಾಗ ನನಗೆ ನಗು, ನಾಚಿಕೆ, ನಡುಕ ಒಟ್ಟಿಗೇ ಬಂದವು. ಸಾಯಲು ಬಂದವನಲ್ಲ, ನಮಸ್ಕಾರ ಮಾಡಿದವನು ಎಂದು ವಿವರಿಸಲು ಕಾಲು ಗಂಟೆ ಹಿಡಿಯಿತು. ಸರಸ್ವತಿಯಿಂದ ಸಾಲ್ಡರಿಂಗ್ ಕಡ್ಡಿಯವರೆಗೆ ಎಲ್ಲ ಹೇಳಿದೆ, ಕಳ್ಳನ ವಿಷಯವನ್ನೂ ಕಾರಿನಲ್ಲಿ ಕೂರುವ ಹೆಂಡತಿಯ ವಿಷಯವನ್ನೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಇವತ್ತು ಇದನ್ನು ನಿಮಗೆ ಮಾರುವುದಿಲ್ಲ, ಮನೆಯಲ್ಲಿ ಇದರ ಜೊತೆ ಒಬ್ಬರೇ ಇರಬೇಕಾದವರು ಯಾರೋ ಅವರನ್ನು ಕರೆದುಕೊಂಡು ಬನ್ನಿ ಎಂದ.

ಮುಂದಿನ ಶನಿವಾರ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ವಿಮಲಳನ್ನು ಕರೆದುಕೊಂಡು ಹೋದೆ. ಅವಳು ಬೇಡ ಎನ್ನುತ್ತಾಳೆಂದುಕೊಂಡಿದ್ದೆ, ತಕ್ಷಣ ಹೊರಟಳು. ಮುದುಕ ನನಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿ ಪಿಸ್ತೂಲನ್ನು ಕೈಗೆ ಕೊಟ್ಟ. ಅವಳು ಒಳಗೆ ಖಾಲಿಯಿದೆಯೇ ಎಂದು ತಾನೇ ಇನ್ನೊಮ್ಮೆ ನೋಡಿದಳು. ಎದುರು ಗೋಡೆಯ ಮೇಲೊಂದು ಜಿಂಕೆಯ ತಲೆಯಿತ್ತು. ಅತ್ತ ತೋಳು ನೀಡಿ ನಿಂತಳು.

ನಾನು ಅವಳ ಕೈಯನ್ನು ನೋಡಿದೆ. ದಿನವೂ ಹತ್ತಾರು ಜನರ ತೋಳಿನಲ್ಲಿ ನರ ಹುಡುಕಿ, ಅವರು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸೂಜಿ ಇಳಿಸುವ ಕೈ. ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಖಾಲಿ ಪಿಸ್ತೂಲು ಟಿಕ್ಕೆಂದಿತು. ಮುದುಕ ಕನ್ನಡಕ ಏರಿಸಿಕೊಂಡು ಅವಳನ್ನು ನೋಡಿದ. ಅವಳು ಅದರ ಬಾಯಿಯನ್ನು ನೆಲಕ್ಕೆ ತಿರುಗಿಸಿ, ಹುಷಾರಾಗಿ ಹಸಿರು ಬಟ್ಟೆಯ ಮೇಲಿಟ್ಟು, ನನ್ನ ಕಡೆ ತಿರುಗಿದಳು.

"ಕಳ್ಳ ಎದುರಿಗೆ ಬಂದ್ರೆ ನನ್ನ ಕೈಕಾಲೇ ಆಡೋಲ್ಲ ಅಂದ್ಕೊಂಡಿದ್ದೆ ರೀ. ಹಾಗೇನಿಲ್ಲ. ನಾನು ಹೊಡೀತೀನಿ." ಬ್ಯಾಗನ್ನು ಹೆಗಲಿಗೇರಿಸಿಕೊಂಡು ಸೇರಿಸಿದಳು, "ಅದಕ್ಕೇ ಬೇಡ. ನಡೀರಿ."

ಒಂದು ವಾರ ಆ ಉಕ್ಕಿನ ತುಂಡನ್ನೇ ನೆನೆದು ಬೆರಗಾಗಿ ಕೂತಿದ್ದವನು ನಾನು. ಎಂಟು ವರ್ಷ ಒಂದೇ ಸೂರಿನಡಿ ಇದ್ದವಳನ್ನು ಹೀಗೆ ಒಂದು ದಿನವೂ ನೋಡಿರಲಿಲ್ಲ. ವಾಪಸು ಬರುವಾಗ ನಾನು ಲೇನು ತಪ್ಪಿಸಿ ಎರಡು ಸಲ ಹಿಂದಿನ ಕಾರಿನವರಿಂದ ಹಾರ್ನ್ ಹೊಡೆಸಿಕೊಂಡೆ.

ಸೋಮವಾರ ಆರೂವರೆಗೆ ಬಂದಾಗ ಕಾರಿನಲ್ಲಿ ಯಾರೂ ಇರಲಿಲ್ಲ. ಓಡಿದೆ. ಬಾಗಿಲು ತೆಗೆದರೆ ಇಂಗಿನ ಒಗ್ಗರಣೆ ಮೂಗಿಗೆ ಬಂತು. ಮಗಳು ಟೇಬಲ್ಲಿನ ಮೇಲೆ ಬಣ್ಣ ಹಚ್ಚುತ್ತಿದ್ದಳು. ಯಾಕೆ ಏದುಸಿರು ಎಂದು ವಿಮಲ ಕೇಳಿದಳು. ಒಬ್ಬಳೇ ಒಳಗೆ ಬಂದು, ಕೋಣೆ, ಬಚ್ಚಲು, ಬಟ್ಟೆಯ ಬೀರು ಎಲ್ಲವನ್ನೂ ತೆಗೆದು ನೋಡಿದಳಂತೆ. ಕೈಯಲ್ಲಿ ಏನು ಹಿಡಿದುಕೊಂಡಿದ್ದೆ ಎಂದು ಕೇಳಿದೆ. ಏನೂ ಇಲ್ಲ ಎಂದು ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದಳು.

ಅದೇ ತಿಂಗಳ ಕೊನೆಗೆ ಇನ್ಶೂರೆನ್ಸಿನವರು ಹೊಸ ಫಾರಂ ಕಳಿಸಿದರು. ಅದರಲ್ಲೊಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಅಪಾಯಕಾರಿ ಆಯುಧಗಳೇನಾದರೂ ಇವೆಯೇ? ವಿಮಲ ಎದುರಿನ ಸೋಫಾದಲ್ಲಿ ಕೂತು ಮಗಳ ಜಡೆ ಬಿಚ್ಚುತ್ತಿದ್ದಳು. ಅವಳನ್ನೊಮ್ಮೆ ನೋಡಿದೆ. ಇಲ್ಲ ಎಂದೇ ಬರೆದೆ. ಸುಳ್ಳು ಬರೆದವನ ಹಾಗೆ, ಅವಳು ತಲೆಯೆತ್ತುವ ಮೊದಲೇ ಫಾರಂ ಮಡಚಿ ಲಕೋಟೆಗೆ ಹಾಕಿದೆ.