ಎದುರಂಗಡಿ ದಾದಾಪೀರನ ಪೆನ್‌ಡ್ರೈವ್

ಗೆಳೆಯರೇ, ಮೊರಬದ ನನ್ನ ಆನ್‌ಲೈನ್ ಸೆಂಟರಿನಲ್ಲಿ ಇವತ್ತು ಯಲ್ಲವ್ವಜ್ಜಿ ಬದುಕಿದ್ದಾಳೆಂದು ಕಂಪ್ಯೂಟರು ಒಪ್ಪಲೇ ಇಲ್ಲ. ಆಕೆಯ ಪಿಂಚಣಿ ನಿಲ್ಲಬಾರದೆಂದರೆ ಬದುಕಿರುವುದಕ್ಕೆ ಸಾಕ್ಷಿಯಾಗಿ ವರ್ಷಕ್ಕೊಮ್ಮೆ ಹೆಬ್ಬೆಟ್ಟು ಒತ್ತಬೇಕು; ಅದಕ್ಕೆ ಇಂದೇ ಕೊನೆಯ ದಿನ. ಹೆಬ್ಬೆಟ್ಟಿನ ಯಂತ್ರದ ದೀಪವೇ ಹತ್ತಲಿಲ್ಲ.

“ನಿನ್ನಿ ಅಮಾಸಿ ಪೂಜಿಯೊಳಗ ಯಂತ್ರಕ್ಕ ಅರಿಷಿಣ ಭಂಡಾರ ಭಾಳ ಹಚ್ಚೀರಿ, ಒಳಗ ಹೊಕ್ಕೈತಿ” ಎಂದ ಸಾಲಿನಲ್ಲಿದ್ದವನೊಬ್ಬ. ನಾನೂ ನಂಬಿ, ಬಟ್ಟೆ ಹಿಡಿದು ಒರೆಸಿದ್ದೇ ಒರೆಸಿದ್ದು.

“ತಮ್ಮಾ, ನಾ ಸತ್ತಮ್ಯಾಲರ ಒರಸೂದು ಮುಗಿತೈತೇನ?” ಎಂದು ಅಜ್ಜಿ ಎದ್ದು ಎದುರಿನ ದಾದಾಪೀರನ ಸೆಂಟರಿಗೆ ನಡೆದಳು. ಸಾಲೂ ಅವಳ ಹಿಂದೆ ಹೋಯಿತು.

ಸ್ವಲ್ಪ ಹೊತ್ತಿಗೆ ದಾದಾಪೀರನೇ ಅಜ್ಜಿಯ ಕೈಹಿಡಿದು ನನ್ನ ಅಂಗಡಿಗೆ ಬಂದ. “ನನ್ನ ಕಡೆ ಗದ್ದಲ ಭಾಳ ಐತಿ, ಅಜ್ಜಿ ಸಂಜಿತನಾ ನಿಂದ್ರಬೇಕಾಗ್ತೈತಿ. ಭಂಡಾರದ್ದೇನೂ ತಪ್ಪಿಲ್ಲ ಬಸಣ್ಣಾ. ನಿನ್ನಿ ಕಂಪ್ಯೂಟರ್ ಅಪ್‌ಡೇಟ್ ಆಗೈತಿ, ಈ ಯಂತ್ರ ನಡಸೂ ಸಾಫ್ಟ್‌ವೇರ್, ಡ್ರೈವರ್ ಅಂತಾರಲ್ಲ, ಅದು ಹಳೇದ ಉಳದೈತಿ.”

ಜೇಬಿನಿಂದ ಪೆನ್‌ಡ್ರೈವ್ ತೆಗೆದು ಹಳೆಯ ಡ್ರೈವರ್ ಅಳಿಸಿ ಹೊಸದನ್ನು ಹಾಕಿದ. ದೀಪ ಹತ್ತಿತು. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

“ಬದುಕೀನೇನಪಾ?”

“ಇನ್ನೊಂದ್ ವರ್ಷ ಚಿಂತಿಲ್ರಿ ಅಜ್ಜಿ!” ಎಂದೆ.

ದಾದಾಪೀರ ಪ್ರತಿ ಅಪ್‌ಡೇಟ್ ಆದಮೇಲೆ ಮೊದಲು ತನ್ನ ಹೆಬ್ಬೆಟ್ಟು ಒತ್ತಿ ನೋಡಿಯೇ ಗಿರಾಕಿಗಳನ್ನು ಕರೆಯುತ್ತಾನಂತೆ. ಅವನ ಹತ್ತಿರ ಇರುವುದು ಬೇರೆ ಕಂಪನಿಯ ಯಂತ್ರ. ಆದರೂ ನನ್ನ ಯಂತ್ರದ ಡ್ರೈವರನ್ನೂ ಇಳಿಸಿಟ್ಟುಕೊಂಡಿದ್ದ! ಏಕೆಂದು ಕೇಳಿದರೆ, “ನಿಂದು ನಿಂತ್ರ ಊರಿನ ಮಂದಿ ಎಲ್ಲಾ ನನ್ನ ತಲಿ ತಿಂತಾರ” ಎಂದು ನಕ್ಕ.

ಎದುರಂಗಡಿಯವನಿಗೆ ಏನೂ ಬರುವುದಿಲ್ಲವೆಂದು ಇಷ್ಟು ದಿನ ಗಿರಾಕಿಗಳಿಗೆ ಹೇಳುತ್ತಿದ್ದೆ. ಇನ್ನು ಹೇಳುವ ಹಾಗಿಲ್ಲ. ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ ಹೇಳಿ?